ಗ್ಯಾಸಿನ ಕಾಗದದ ಎರಡನೇ ಪುಟ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಇಂಗ್ಲೆಂಡಿನ ಸ್ಲೌನಲ್ಲಿದ್ದೇವೆ. ಮೂರು ಬೆಡ್‌ರೂಮಿನ ಮನೆ. ನಾನು, ಯಜಮಾನರು, ಎರಡು ವರ್ಷದ ಮಗ. ಕಾರು ಚಾರ್ಜ್ ಮಾಡಲು ರಾತ್ರಿ ದರ ಕಮ್ಮಿ ಅಂತ ಕರೆಂಟನ್ನು ಒಂದು ಕಂಪನಿಯಿಂದ ತಗೊಂಡಿದ್ದೇವೆ, ಗ್ಯಾಸ್ ಬೇರೆ ಕಂಪನಿಯದ್ದು. ಗ್ಯಾಸಿಗೆ ಹೋದ ವರ್ಷ ಮಾಡಿಸಿದ ಫಿಕ್ಸೆಡ್ ರೇಟ್ 2025ರ ನವೆಂಬರ್ 14ಕ್ಕೆ ಮುಗಿಯುತ್ತದೆ. ಈಗ ರಿನ್ಯೂ ಮಾಡಿ ಎಂದು ಕಾಗದ ಬಂದಿದೆ. ಇಷ್ಟು ದಿನ ತಿಂಗಳಿಗೆ 54 ಪೌಂಡ್ ಕಟ್ಟುತ್ತಿದ್ದೆವು, ಇನ್ನು ಮುಂದೆ 88 ಅಂತೆ! ಇದು ಹಗಲು ದರೋಡೆ ಅಲ್ಲವೇ? ಯಜಮಾನರು, "ಪ್ರೈಸ್ ಕ್ಯಾಪ್ ಅಂತ ಇದೆಯಲ್ಲ, ಅದಕ್ಕಿಂತ ಜಾಸ್ತಿ ಬಿಲ್ ಹಾಕೋ ಹಾಗಿಲ್ಲ, ಸುಮ್ಮನೆ ಬಿಟ್ಟುಬಿಡು" ಎನ್ನುತ್ತಾರೆ. ಅವರ ಆಫೀಸಿನವರು ಎರಡು ವರ್ಷಕ್ಕೇ ಫಿಕ್ಸ್ ಮಾಡಿಕೊಳ್ಳಿ ಎನ್ನುತ್ತಾರೆ. ಮುಂದಿನ ವರ್ಷ ದೊಡ್ಡ ಮನೆಗೆ ಹೋಗುವ ಯೋಚನೆಯೂ ಇದೆ. ಏನು ಮಾಡಲಿ?
— ದಾವಣಗೆರೆಯ ಸೊಸೆ, ಸ್ಲೌ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನಾನು ಕೇಳಿದ್ದು ಒಂದೇ ಮಾತು: ಕಂಪನಿಯ ಕಾಗದದ ಎರಡನೇ ಪುಟ ಎಲ್ಲಿ? ನೀವು ಕಳಿಸಿದ್ದ ಫೋಟೋದಲ್ಲಿ ದಪ್ಪ ಅಕ್ಷರದ 88 ಇತ್ತು, ಅದರ ಕೆಳಗೆ ನಿಮ್ಮ ಹೆಬ್ಬೆರಳು ಇತ್ತು, ಅಷ್ಟೆ. ಪುಣ್ಯಕ್ಕೆ ಮಾರನೇ ದಿನವೇ ಎರಡನೇ ಪುಟವೂ ಬಂತು.

ಅದರಲ್ಲಿರುವುದನ್ನು ಬೇರೆ ಓದುಗರಿಗಾಗಿ ಹೇಳಿಬಿಡುತ್ತೇನೆ. ಈಗಿನ ದರ ಯೂನಿಟ್ಟಿಗೆ (ಒಂದು ಕಿಲೋವ್ಯಾಟ್ ಗಂಟೆಗೆ) 5.85 ಪೆನ್ಸ್ (ನೂರು ಪೆನ್ಸಿಗೆ ಒಂದು ಪೌಂಡ್), ಗ್ಯಾಸ್ ಉರಿಸಲಿ ಬಿಡಲಿ ದಿನಕ್ಕೆ ಕೊಡಲೇಬೇಕಾದ ಸ್ಟ್ಯಾಂಡಿಂಗ್ ಚಾರ್ಜ್ 30.5 ಪೆನ್ಸ್. ಇನ್ನೊಂದು ವರ್ಷಕ್ಕೆ ರಿನ್ಯೂ ಮಾಡಿದರೆ ಯೂನಿಟ್ಟಿಗೆ 6.05, ದಿನಕ್ಕೆ 31. ನಡುವೆ ಬಿಟ್ಟು ಹೋದರೆ 50 ಪೌಂಡ್ ಎಕ್ಸಿಟ್ ಫೀ. ಎರಡು ವರ್ಷಕ್ಕಾದರೆ 6.32, ದಿನಕ್ಕೆ ಅದೇ 31, ಎಕ್ಸಿಟ್ ಫೀ 75. ಕಳೆದ 12 ತಿಂಗಳಲ್ಲಿ ನೀವು ಉರಿಸಿದ್ದು 12,400 ಯೂನಿಟ್. ಕಟ್ಟಕಡೆಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಅಕ್ಷರದಲ್ಲಿ, ಖಾತೆಯಲ್ಲಿ ನೀವು ಕೊಡಬೇಕಾದ ಬಾಕಿ 188 ಪೌಂಡ್.

ದರ ಏರಿದ್ದು 5.85ರಿಂದ 6.05ಕ್ಕೆ. ನೂರಕ್ಕೆ ಮೂರೂವರೆಯೂ ಆಗಲಿಲ್ಲ. ಹಾಗಾದರೆ 54 ಹೋಗಿ 88 ಆದದ್ದು ಹೇಗೆ?

ಹೋದ ಚಳಿಗಾಲದಲ್ಲಿ ಮನೆಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಅತ್ತೆ ಮಾವ ನವೆಂಬರಿನಲ್ಲಿ ಬಂದು ಏಪ್ರಿಲಿನಲ್ಲಿ ಹೋದರು ಎಂದಿರಿ. ಅಲ್ಲಿಗೆ ಲೆಕ್ಕ ಸಿಕ್ಕಿತು. ದಾವಣಗೆರೆಯ ಬಿಸಿಲು ಕಂಡವರು ಸ್ಲೌನ ಡಿಸೆಂಬರ್ ಹೇಗೆ ಕಳೆಯುತ್ತಾರೆ ಅಂತ ನನಗೆ ಗೊತ್ತಿಲ್ಲವೇ? ನಮ್ಮಪ್ಪ ನಾನಿರುವ ರೆಡಿಂಗ್ ಪಟ್ಟಣಕ್ಕೆ ಬಂದಿದ್ದಾಗ ಮಂಕಿ ಕ್ಯಾಪ್, ಎರಡು ಸ್ವೆಟರ್, ಮೇಲೊಂದು ಶಾಲು, ಇಷ್ಟೂ ಹಾಕಿಕೊಂಡು ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಮ್ಮ ಒಗ್ಗರಣೆ ಹಾಕಿದ ಕೂಡಲೇ ಸ್ಮೋಕ್ ಅಲಾರಂ ಕೂಗುತ್ತಿತ್ತು. ಅದು ಕೂಗಿದ ಕೂಡಲೇ ಅಡುಗೆಮನೆ ಕಿಟಕಿ, ಹಿತ್ತಿಲ ಬಾಗಿಲು ಎರಡೂ ತೆರೆಯುತ್ತಿದ್ದವು. ಗ್ಯಾಸ್ ಉರಿಸಿ ಮನೆ ಕಾಯಿಸುವ ನಮ್ಮ ಬಾಯ್ಲರ್ ಆ ಎರಡು ತಿಂಗಳು ಇಡೀ ಬರ್ಕ್‌ಶೈರ್ ಜಿಲ್ಲೆಯನ್ನೇ ಬೆಚ್ಚಗಿಟ್ಟಿತ್ತು.

ನಿಮ್ಮ ಹಳೇ ಬಿಲ್ ಪ್ರಕಾರ ಅದರ ಹಿಂದಿನ ವರ್ಷದ ಬಳಕೆ 9,200 ಯೂನಿಟ್. ಆ ಲೆಕ್ಕದ ಮೇಲೆ ಕಂಪನಿ ತಿಂಗಳಿಗೆ 54 ಅಂತ ನಿಗದಿ ಮಾಡಿತ್ತು. ವರ್ಷಕ್ಕೆ 648 ಆಯಿತು. ನೀವು ನಿಜವಾಗಿ ಉರಿಸಿದ 12,400 ಯೂನಿಟ್ಟಿಗೆ ಹಳೇ ದರದಲ್ಲೇ ಸುಮಾರು 837 ಪೌಂಡ್ ಆಗುತ್ತದೆ. ವ್ಯತ್ಯಾಸವೇ ಆ ಬಾಕಿ. ಈಗ ಕಂಪನಿ ಮಾಡಿರುವುದೇನೆಂದರೆ, ಈ ವರ್ಷವೂ 12,400 ಉರಿಸುತ್ತೀರಿ ಎಂದುಕೊಂಡು ಹೊಸ ದರದಲ್ಲಿ 863 ಪೌಂಡ್, ಅದಕ್ಕೆ ಹಳೇ ಬಾಕಿ 188 ಸೇರಿಸಿ, ಹನ್ನೆರಡರಿಂದ ಭಾಗಿಸಿದೆ. ಬಂದದ್ದು 88. ನಿಮ್ಮನ್ನು ಗಾಬರಿ ಮಾಡಿದ ಆ 34 ಪೌಂಡಿನ ಏರಿಕೆಯಲ್ಲಿ ಬೆಲೆ ಏರಿದ ಪಾಲು ತಿಂಗಳಿಗೆ ಎರಡು ಪೌಂಡ್ ಚಿಲ್ಲರೆ. ಉಳಿದದ್ದೆಲ್ಲ ಅತ್ತೆ ಮಾವನ ಬೆಚ್ಚನೆಯ ಲೆಕ್ಕ. ಅವರಿಗೆ ಇದನ್ನು ಓದಿ ಹೇಳಬೇಡಿ.

ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿದೆಯೇ? ತಿಂಗಳಿಗೆ ಇಷ್ಟು ಅಂತ ಕೊಡುತ್ತಾ ಹೋಗುವುದು, ಹಬ್ಬದ ತಿಂಗಳು ಬೆಲ್ಲ ಎಣ್ಣೆ ಜಾಸ್ತಿ ತರುವುದು, ದೀಪಾವಳಿಗೆ ಶೆಟ್ಟರು ಕೂಡಿ ಕಳೆದು ಬಾಕಿ ಹೇಳುವುದು. ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳೂ ತಾನಾಗಿ ಹೋಗುವ ಡೈರೆಕ್ಟ್ ಡೆಬಿಟ್ಟೂ ಅದೇ, ಬರೀ ಕಂತು. ಕಂತಿನ ಮೊತ್ತ ನೋಡಿ ಬೆಲ್ಲದ ರೇಟು ಏರಿತು ಎನ್ನಲಾಗುವುದಿಲ್ಲ. ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು. ಕಂತನ್ನು ದಪ್ಪಗೆ, ದರವನ್ನು ಸಣ್ಣಗೆ ಅಚ್ಚು ಹಾಕುವುದೇಕೆ ಎನ್ನುವುದು ನನ್ನ ಹಳೇ ತಕರಾರು.

ಈ ಚಳಿಗಾಲದಲ್ಲಿ ಅತ್ತೆ ಮಾವ ಬರುತ್ತಿಲ್ಲ ಎಂದಿದ್ದೀರಿ. ಅಂದರೆ ಬಳಕೆ ಮತ್ತೆ 9,200ರ ಆಸುಪಾಸಿಗೆ ಬರಬೇಕು. ಹೊಸ ದರದಲ್ಲಿ ಅದಕ್ಕೆ 670 ಪೌಂಡ್, ಬಾಕಿ 188 ಸೇರಿ ತಿಂಗಳಿಗೆ 72 ಸಾಕು. ಫೋನ್ ಮಾಡಿ ಹಾಗೆಂದು ಕೇಳಿ. ಇಂದಿನ ಮೀಟರ್ ರೀಡಿಂಗ್ ಕೊಟ್ಟು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬಾಕಿಯನ್ನು ಒಂದೇ ಸಲ ತೀರಿಸಿಬಿಟ್ಟರೆ 56. ನೋಡಿ, ಮತ್ತೆ ಅಲ್ಲೇ ಬಂದೆವು.

ಈಗ ಯಜಮಾನರ ಪ್ರೈಸ್ ಕ್ಯಾಪ್. ಇಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2019ರ ಜನವರಿಯಿಂದ ಇದನ್ನು ಹಾಕುತ್ತಿದೆ. ಪೇಪರಿನಲ್ಲಿ "ಕ್ಯಾಪ್ ಈಗ 1,755 ಪೌಂಡ್" ಎಂದು 2025ರ ಕೊನೆಗೆ ಬಂತಲ್ಲ, ಅದು ಮಧ್ಯಮ ಬಳಕೆಯ ಮನೆಯೊಂದಕ್ಕೆ ಕರೆಂಟು ಗ್ಯಾಸ್ ಎರಡೂ ಸೇರಿ ವರ್ಷಕ್ಕೆ ಎಷ್ಟಾಗಬಹುದು ಎಂಬ ಉದಾಹರಣೆ. ಮಿತಿ ಇರುವುದು ಯೂನಿಟ್ ದರಕ್ಕೆ, ಸ್ಟ್ಯಾಂಡಿಂಗ್ ಚಾರ್ಜಿಗೆ. ಬಿಲ್ಲಿಗೆ ಮಿತಿ ಇಲ್ಲ. ಎರಡು ಪಟ್ಟು ಉರಿಸಿದರೆ ಎರಡು ಪಟ್ಟಿನ ಹತ್ತಿರ ಕಟ್ಟುತ್ತೀರಿ. ಹಾಗೆಯೇ ಫಿಕ್ಸೆಡ್ ಎಂದರೂ ದರ ಮಾತ್ರ ಫಿಕ್ಸ್. ಮನೆಯಲ್ಲಿ ಇನ್ನೂ ಒಬ್ಬರಾದರೂ "ಫಿಕ್ಸ್ ಮಾಡಿಸಿದ್ದೀವಲ್ಲ, ಹೀಟಿಂಗ್ ಉರೀಲಿ ಬಿಡು" ಎನ್ನುತ್ತಿದ್ದರೆ ಈ ಸಾಲನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿ.

ಏನೂ ಮಾಡದೆ ಬಿಟ್ಟರೆ ನವೆಂಬರ್ 15ರಿಂದ ನೀವು ಕಂಪನಿಯ ಸಾಮಾನ್ಯ ದರಕ್ಕೆ ಬೀಳುತ್ತೀರಿ, ಅದು ಕ್ಯಾಪಿಗೆ ಅಂಟಿಕೊಂಡೇ ಇರುತ್ತದೆ. 2025ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಡೈರೆಕ್ಟ್ ಡೆಬಿಟ್ ಕೊಡುವವರಿಗೆ ಕ್ಯಾಪಿನ ಸರಾಸರಿ ಗ್ಯಾಸ್ ದರ 6.29 ಪೆನ್ಸ್, ದಿನಕ್ಕೆ 34.03. ಪ್ರದೇಶದಿಂದ ಪ್ರದೇಶಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಲೆಕ್ಕಕ್ಕೆ ಇದನ್ನೇ ಹಿಡಿಯೋಣ. 9,200 ಯೂನಿಟ್ಟಿಗೆ ವರ್ಷಕ್ಕೆ 703 ಪೌಂಡ್. ಫಿಕ್ಸ್ ಮಾಡಿದರೆ 670. ಉಳಿತಾಯ 33. ಅತ್ತೆ ಮಾವ ಮನಸ್ಸು ಬದಲಿಸಿ ವಿಮಾನ ಹತ್ತಿದರೆ 41.

"ಆದರೆ ಕ್ಯಾಪ್ ಇಳಿದರೆ?" ಎಂದು ಯಜಮಾನರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕ್ಯಾಪ್ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. 2024ರ ಮೊದಲ ಮೂರು ತಿಂಗಳು 7.42 ಇತ್ತು, ಆಮೇಲೆ 6.04, ಬೇಸಿಗೆಗೆ 5.48, ಅಕ್ಟೋಬರಿಗೆ ಮತ್ತೆ 6.24. 2025ರಲ್ಲಿ 6.34, 6.99, 6.33, ಅಕ್ಟೋಬರಿಗೆ 6.29. ಗ್ಯಾಸ್ ನಾರ್ವೆಯಿಂದ ಪೈಪಿನಲ್ಲಿ ಬರುತ್ತದೆ, ದೂರದ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಎಲ್ಲೋ ಯುದ್ಧವಾದರೂ ಎಲ್ಲೋ ಚಳಿ ಜಾಸ್ತಿಯಾದರೂ ಇಲ್ಲಿ ದರ ಕುಣಿಯುತ್ತದೆ. ಮುಂದೇನು ಎಂದು ನಾನು ಕಣಿ ಹೇಳುವುದಿಲ್ಲ.

ನನ್ನ ಹತ್ತಿರ ಇರುವುದು ಒಂದು ಹಳೇ ಡೈರಿ. ಕೌನ್ಸಿಲ್ ಕಚೇರಿಯಲ್ಲಿ ಲೆಕ್ಕ ಬರೆದೇ ನಿವೃತ್ತಳಾದವಳು ನಾನು, ಚಟ ಬಿಟ್ಟಿಲ್ಲ. 2009ರಿಂದ ಪ್ರತಿ ತಿಂಗಳ ಒಂದನೇ ತಾರೀಖು ಗ್ಯಾಸ್ ಮೀಟರ್ ನೋಡಿ ಬರೆದಿಡುತ್ತೇನೆ. ಕಳೆದ ಜುಲೈಯಲ್ಲಿ 170 ಯೂನಿಟ್, ಸ್ನಾನಕ್ಕೂ ಅಡುಗೆಗೂ ಸೇರಿ. ಜನವರಿಯಲ್ಲಿ 1,940. ಒಂದೇ ಮನೆ, ಇಬ್ಬರೇ ಜನ. ನವೆಂಬರಿನಿಂದ ಮಾರ್ಚ್‌ವರೆಗಿನ ಐದು ತಿಂಗಳೇ ವರ್ಷದ ಹತ್ತರಲ್ಲಿ ಏಳು ಪಾಲು ನುಂಗುತ್ತವೆ. ಹಾಗಾಗಿ 2024ರ ಬೇಸಿಗೆಯಲ್ಲಿ 5.48ಕ್ಕೆ ಇಳಿಯಿತು ಎಂದು ಸಂತೋಷಪಟ್ಟವರು ಆ ಸಂತೋಷಕ್ಕೆ ಬಳಸಿದ್ದು ನಾಲ್ಕು ಬಕೆಟ್ ಬಿಸಿನೀರು.

ಇನ್ನು 2025ರ ಡಿಸೆಂಬರ್ ಕೊನೆಯವರೆಗಿನ ದರ 6.29 ಎಂದು ಗೊತ್ತಾಗಿಹೋಗಿದೆ, ಅಷ್ಟರಲ್ಲಿ ನಿಮ್ಮ ವರ್ಷದ ಬಳಕೆಯ ಕಾಲು ಭಾಗದ ಹತ್ತಿರ ಮುಗಿದಿರುತ್ತದೆ. ಸುಮ್ಮನೆ ಕಾದು ಲಾಭ ಮಾಡಬೇಕಾದರೆ ಜನವರಿಯಿಂದಾಚೆಗೆ ದರ ಸರಾಸರಿ 5.85ಕ್ಕಿಂತ ಕೆಳಗಿರಬೇಕು, ಅದೂ ಜನವರಿ ಫೆಬ್ರವರಿಯಲ್ಲೇ ಇಳಿಯಬೇಕು. 2022ರ ಏಪ್ರಿಲ್‌ನಿಂದ 2025ರ ಕೊನೆಯವರೆಗೆ ಕ್ಯಾಪ್ ಅಷ್ಟು ಕೆಳಗೆ ಬಂದದ್ದು ಒಂದೇ ಸಲ, ಆ ನಾಲ್ಕು ಬಕೆಟ್ ಬೇಸಿಗೆಯಲ್ಲಿ. ಮತ್ತೆ ಬರಬಾರದೆಂದೇನಿಲ್ಲ. ನನ್ನ ದುಡ್ಡಾಗಿದ್ದರೆ ನಾನು ಕಾಯುತ್ತಿರಲಿಲ್ಲ.

ಎರಡು ವರ್ಷದ್ದು ನಿಮಗೆ ಬೇಡ. ಮೊದಲ ವರ್ಷ ಯೂನಿಟ್ಟಿಗೆ 0.27 ಪೆನ್ಸ್ ಜಾಸ್ತಿ ಕೊಡುತ್ತೀರಿ, ಅದು ಎರಡನೇ ವರ್ಷ ವಾಪಸ್ ಬರಬೇಕಾದರೆ ಮುಂದಿನ ನವೆಂಬರಿನಲ್ಲಿ ಪೇಟೆ ದರ 6.59 ದಾಟಿರಬೇಕು. ಆಗದ ಮಾತೇನಲ್ಲ, 2025ರ ಏಪ್ರಿಲಿನಲ್ಲಿ 6.99 ನೋಡಿದ್ದೇವೆ. ಪಿಂಚಣಿಯಲ್ಲಿ ಬದುಕುವ ನನ್ನಂಥವರಿಗೆ ಆ ನಿಶ್ಚಿಂತೆಗೆ 25 ಪೌಂಡ್ ಕೊಡಬಹುದು ಅನ್ನಿಸಬಹುದು. ಮನೆ ಬದಲಿಸುವ ಯೋಚನೆಯಲ್ಲಿರುವ ನಿಮಗಲ್ಲ. ಹೊಸ ಮನೆಗೆ ಅದೇ ದರ ತಗೊಂಡು ಹೋಗಬಹುದೇ, ಇಲ್ಲವೇ ಎಕ್ಸಿಟ್ ಫೀ ಕಕ್ಕಬೇಕೇ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಒಂದು ವರ್ಷದ್ದಕ್ಕೂ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ.

ಫಿಕ್ಸೆಡ್ ಅನ್ನುವ ಮಾತನ್ನು ಕಲ್ಲಿನ ಮೇಲೆ ಕೆತ್ತಿದ್ದು ಅಂದುಕೊಳ್ಳಬೇಡಿ. 2021ರಲ್ಲಿ ನನ್ನದೊಂದು ಎರಡು ವರ್ಷದ ಫಿಕ್ಸ್ ಇತ್ತು, ಅಗ್ಗದಲ್ಲಿ ಅಗ್ಗ, ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಇಮೇಲ್ ತೆಗೆದರೆ ಕಂಪನಿಯೇ ಮುಳುಗಿದೆ. ಆಗ ಒಂದರ ಹಿಂದೊಂದು ಮುಳುಗಿದವು, ಆ ಚಳಿಗಾಲ ಮುಗಿಯುವಷ್ಟರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು. ಆಫ್‌ಜೆಮ್ ನಮ್ಮನ್ನು ಬೇರೆ ಕಂಪನಿಗೆ ವಹಿಸಿತು. ಗ್ಯಾಸ್ ಒಂದು ಗಂಟೆಯೂ ನಿಲ್ಲಲಿಲ್ಲ, ಖಾತೆಯಲ್ಲಿದ್ದ ನನ್ನ 212 ಪೌಂಡೂ ಮುಳುಗಲಿಲ್ಲ, ನಾಲ್ಕು ತಿಂಗಳು ಕಾಯಿಸಿ ಬಂತು. ಫಿಕ್ಸ್ ದರ ಮಾತ್ರ ಆ ಕಂಪನಿಯ ಜೊತೆಗೇ ಹೋಯಿತು. ಆ ಅಕ್ಟೋಬರಿನಲ್ಲಿ 4.07 ಇದ್ದ ಕ್ಯಾಪ್ ದರ ಏಪ್ರಿಲಿಗೆ 7.37 ಆಯಿತು, 2022ರ ಅಕ್ಟೋಬರಿನಲ್ಲಿ ಸರ್ಕಾರ ಕೈ ಹಿಡಿದ ಮೇಲೂ 10.3. ಆ ಚಳಿಗಾಲ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಟಿವಿ ನೋಡಿದೆವು, ನಲವತ್ತು ವರ್ಷದಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಅದರಿಂದ ಕಲಿತದ್ದೊಂದು: ಖಾತೆಯಲ್ಲಿ ನೂರಾರು ಪೌಂಡ್ ಜಮಾ ಬಿಟ್ಟುಕೊಂಡು ಕೂರಬೇಡಿ. ನಿಮಗೆ ಸದ್ಯ ಆ ಚಿಂತೆ ಇಲ್ಲ, ನಿಮ್ಮದು ಬಾಕಿ.

ರಿನ್ಯೂ ಮಾಡುವ ಮೊದಲು ಬೇರೆ ಕಂಪನಿಗಳ ದರವನ್ನೂ ನೋಡಿ. ಜನರಿಗೆ ಉಚಿತ ಸಲಹೆ ಕೊಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನವರ ಹೋಲಿಕೆ ಪಟ್ಟಿ ಇದೆ, ಕಮಿಷನ್ ಹಂಗಿಲ್ಲದ್ದು. "ತಿಂಗಳಿಗೆ ಎಷ್ಟು ಕಟ್ಟುತ್ತೀರಿ" ಎಂಬ ಜಾಗದಲ್ಲಿ 54 ಅಂತಲೂ ಬರೆಯಬೇಡಿ, 88 ಅಂತಲೂ ಬರೆಯಬೇಡಿ. 9,200 ಯೂನಿಟ್ ಎಂದು ಹಾಕಿ. ಒಪ್ಪಂದದ ಕೊನೆಯ 49 ದಿನ ಎಕ್ಸಿಟ್ ಫೀ ಕೇಳುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ 26ರಿಂದಲೇ ನೀವು ಸ್ವತಂತ್ರರು. ಈಗಿನ 5.85 ಇನ್ನೂ ಅಗ್ಗವಾದ್ದರಿಂದ ನವೆಂಬರ್ ಮೊದಲ ವಾರದವರೆಗೆ ಅದನ್ನೇ ಉಂಡುಕೊಂಡಿರಿ. ಕಂಪನಿ ಬದಲಿಸಲು ಐದು ಕೆಲಸದ ದಿನ ಸಾಕು. ಮನಸ್ಸು ಬದಲಾದರೆ 14 ದಿನದೊಳಗೆ ಹಿಂದೆಗೆಯಬಹುದು. ಬಾಕಿ 188ನ್ನು ಹಳಬರು ಕೊನೇ ಬಿಲ್ಲಿನಲ್ಲಿ ಒಟ್ಟಿಗೇ ಕೇಳುತ್ತಾರೆ, ಕೈಯಲ್ಲಿ ಇಟ್ಟುಕೊಂಡಿರಿ. ಪೈಪು ಅದೇ, ಮೀಟರ್ ಅದೇ, ಒಲೆ ಒಂದು ಕ್ಷಣವೂ ಆರುವುದಿಲ್ಲ.

ದರ ಬದಲಾಗುವ ದಿನ ಮೀಟರಿನ ಫೋಟೋ ತೆಗೆಯಿರಿ. ನಮ್ಮನೆಯದು ಮೆಟ್ಟಿಲ ಕೆಳಗಿನ ಗೂಡಿನಲ್ಲಿದೆ. ವ್ಯಾಕ್ಯೂಮ್ ಕ್ಲೀನರ್ ಎಳೆದು, ಇಸ್ತ್ರಿ ಮೇಜು ಸರಿಸಿ, ಮಂಡಿಯೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡರೆ ಆರು ಅಂಕಿ ಕಾಣುತ್ತವೆ. ಕೆಂಪಗಿರುವ ಕೊನೆಯ ಅಂಕಿಗಳನ್ನು ಬಿಟ್ಟು ಬರೆದುಕೊಳ್ಳುವುದು. ಅಂಕಿಯ ಪಕ್ಕದಲ್ಲಿ ಘನ ಮೀಟರಿನ ಗುರುತಿದೆಯೇ, ಘನ ಅಡಿಯದ್ದೇ, ಅದನ್ನೂ ನೋಡಿ. ಒಂದು ಘನ ಮೀಟರ್ ಗ್ಯಾಸ್ ಎಂದರೆ ಸುಮಾರು 11.2 ಯೂನಿಟ್. ಹಳೇ ಮೀಟರು ನೂರು ಘನ ಅಡಿಯ ಲೆಕ್ಕದಲ್ಲಿ ತೋರಿಸುತ್ತದೆ, ಅದನ್ನು ಮೊದಲು 2.83ರಿಂದ ಗುಣಿಸಬೇಕು. ನಮ್ಮ ಪರಿಚಯದವರೊಬ್ಬರ ಮನೆಗೆ ಹೊಸ ಮೀಟರ್ ಹಾಕಿದ ಮೇಲೂ ಬಿಲ್ಲಿನ ಕಂಪ್ಯೂಟರಿನಲ್ಲಿ ಹಳೇ ಲೆಕ್ಕವೇ ಉಳಿದಿತ್ತು. ಹತ್ತಿರ ಹತ್ತಿರ ಮೂರು ಪಟ್ಟು ಬಿಲ್. ಅವರು ಮೀಟರ್ ನೋಡುವುದು ಬಿಟ್ಟು, ದರ ದುಬಾರಿ ಎಂದು ಎರಡು ಸಲ ಕಂಪನಿ ಬದಲಿಸಿದ್ದರು. ನಿಮ್ಮ ಕಾಗದದಲ್ಲಿ ರೀಡಿಂಗ್ ಪಕ್ಕ ಅಂದಾಜು ಎಂದು ಬರೆದಿದ್ದರೆ, ಆ 12,400 ಎಂಬ ಅಂಕಿಯನ್ನೂ ನಂಬುವ ಮೊದಲು ಒಮ್ಮೆ ಮಂಡಿಯೂರಿ.

ಪ್ರಶ್ನೆ: ಲೀಡ್ಸ್‌ನಲ್ಲಿ ಓದುತ್ತಿದ್ದೇನೆ. ಮೂವರು ಸೇರಿ ಬಾಡಿಗೆ ಮನೆಯಲ್ಲಿದ್ದೇವೆ, ಜುಲೈಗೆ ಖಾಲಿ ಮಾಡುತ್ತೇವೆ. ಗ್ಯಾಸ್ ಬಿಲ್ ನನ್ನ ಹೆಸರಿನಲ್ಲಿದೆ. ಕಂಪನಿ ಬದಲಿಸಬೇಡಿ ಎಂದು ಮನೆ ಓನರ್ ಹೇಳುತ್ತಾರೆ. ಅವರು ಹಾಗೆ ಹೇಳಬಹುದೇ? ಫಿಕ್ಸ್ ಮಾಡುವುದು ಒಳ್ಳೆಯದೇ?
— ವಿದ್ಯಾರ್ಥಿ, ಲೀಡ್ಸ್

ಉತ್ತರ: ಬಿಲ್ ನಿಮ್ಮ ಹೆಸರಿಗೆ ಬಂದು ನೀವೇ ಕಟ್ಟುತ್ತಿದ್ದರೆ ಕಂಪನಿ ಆರಿಸುವ ಹಕ್ಕು ನಿಮ್ಮದೇ. ಬಾಡಿಗೆಯಲ್ಲೇ ಗ್ಯಾಸ್ ಸೇರಿದ್ದರೆ ಮಾತ್ರ ಓನರ್ ಮಾತು ನಡೆಯುತ್ತದೆ. ಬಾಡಿಗೆ ಕರಾರಿನಲ್ಲಿ ಏನು ಬರೆದಿದೆ ಒಮ್ಮೆ ಓದಿ, ಬದಲಿಸಿದರೆ ಅವರಿಗೊಂದು ಸಾಲು ಬರೆದು ತಿಳಿಸಿ. ಜುಲೈಗೆ ಹೋಗುವವರು 50 ಪೌಂಡ್ ಎಕ್ಸಿಟ್ ಫೀ ಇರುವುದಕ್ಕೆ ಕೈ ಹಾಕಬೇಡಿ. ಎಕ್ಸಿಟ್ ಫೀ ಇಲ್ಲದ ಫಿಕ್ಸ್‌ಗಳೂ ಇರುತ್ತವೆ, ದರ ಒಂದು ಕೂದಲು ಜಾಸ್ತಿಯಾದರೂ ನಿಮಗೆ ಅದೇ ಸರಿ. ಚಳಿಗಾಲವೆಲ್ಲ ಅದರೊಳಗೇ ಕಳೆಯುತ್ತದೆ. ಮನೆ ಬಿಡುವ ದಿನ ಬೀಗದ ಕೈ ಕೊಡುವ ಮೊದಲು ಮೀಟರಿನ ಫೋಟೋ ತೆಗೆದು, ಆವತ್ತೇ ಕಂಪನಿಗೆ ಕಳಿಸಿ. ಉಳಿದಿಬ್ಬರಿಂದ ಪಾಲಿನ ದುಡ್ಡನ್ನು ಜೂನಿನಲ್ಲೇ ವಸೂಲಿ ಮಾಡಿಕೊಳ್ಳಿ.